ಸಾಲದ ಧೈರ್ಯ

ಹಳೇಬೀಡಿನ ದೇಗುಲವನ್ನು ನೋಡಲು ಬರುವವರಲ್ಲಿ ಹುಲಿಕೆರೆಯವರೆಗೆ ಬರುವವರು ಕಡಿಮೆ. ಬಂದವರು ಹೊಯ್ಸಳರ ಕಾಲದ ಕಲ್ಯಾಣಿಯನ್ನೂ ಅದರ ಮೆಟ್ಟಿಲುಗಳ ನಡುವೆ ನಿಂತ ಪುಟ್ಟ ಪುಟ್ಟ ಗುಡಿಗಳನ್ನೂ ನೋಡಿ ಬೆರಗಾಗುತ್ತಾರೆ. ಈ ಊರಿನವನಾದ ನಾನು ಸಂಜೆಗಳಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದುದು ಶಿಲ್ಪದ ಮೇಲಣ ಪ್ರೀತಿಯಿಂದಲ್ಲ; ಅಲ್ಲಿ ಜನರಿರುವುದಿಲ್ಲ ಎಂಬ ಒಂದೇ ಕಾರಣದಿಂದ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪಾಠ ಹೇಳುವವನಿಗೆ ಜನರ ಭಯವೇ ಎಂದು ಓದುಗರು ನಕ್ಕಾರು. ತರಗತಿಯಲ್ಲಿ ನನ್ನ ಮುಂದೆ ಪುಸ್ತಕವಿರುತ್ತದೆ. ಅದು ನನ್ನ ಗುರಾಣಿ. ಮದುವೆಯ ಮನೆಯಲ್ಲಿ, ಅಧ್ಯಾಪಕರ ಕೊಠಡಿಯಲ್ಲಿ, ಸಭೆಯ ವೇದಿಕೆಯಲ್ಲಿ ಆ ಗುರಾಣಿಯಿಲ್ಲ. ಅಂಗೈ ಬೆವರುತ್ತದೆ, ನಾಲಗೆ ಒಣಗುತ್ತದೆ. ನಮ್ಮ ಹಿರಿಯರು ಇದಕ್ಕೆ ಸಭಾಕಂಪವೆಂದು ಹೆಸರಿಟ್ಟು ಸುಮ್ಮನಾದರು. ಒಂದು ಬೀಳ್ಕೊಡುಗೆಯ ಔತಣದಲ್ಲಿ ಮಿತ್ರರೊಬ್ಬರು ಕೈಗಿತ್ತ ಲೋಟ ಆ ಕಂಪವನ್ನು ಅರ್ಧ ಗಂಟೆಯಲ್ಲಿ ನಿಲ್ಲಿಸಿತು. ಅಂದು ನಾನು ಹಾಸ್ಯ ಮಾಡಿದೆ, ಜನ ನಕ್ಕರು. ಇಷ್ಟು ಸುಲಭವಾಗಿ ಸಿಗುವ ಧೈರ್ಯಕ್ಕೆ ಇಷ್ಟು ವರ್ಷ ಕಾದೆನಲ್ಲ ಎನ್ನಿಸಿತು.

ಆದರೆ ಅದು ಸಾಲದ ಧೈರ್ಯ. ಮದ್ಯ ಮಿದುಳಿನ ಕಳವಳವನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ. ಅದರ ಪ್ರಭಾವ ಇಳಿದ ಮೇಲೆ ಕಳವಳ ಹಿಂದಿಗಿಂತ ಹೆಚ್ಚಾಗಿ ಮೇಲೇಳುತ್ತದೆ. ಬಡ್ಡಿ ತೀರಿಸಲು ಮತ್ತೆ ಸಾಲ. ಕೆಲವು ವರ್ಷಗಳಲ್ಲಿ ನಾನು ಜನರ ನಡುವೆ ಹೋಗುವುದಕ್ಕೆ ಮಾತ್ರವಲ್ಲ, ಬೆಳಗ್ಗೆ ಎದ್ದು ನಿಲ್ಲುವುದಕ್ಕೂ ಸಾಲ ಮಾಡಬೇಕಾಯಿತು. ಆ ದಿನಗಳಲ್ಲೇ ತರಗತಿಯಲ್ಲಿ ರತ್ನನ ಪದಗಳ ಪಾಠ. ಹೆಂಡ ಮುಟ್ಟದ ರಾಜರತ್ನಂ ಕುಡುಕನ ವೇಷ ತೊಟ್ಟು ಹಾಡಿದರೆಂದು ಹೇಳಿದಾಗ ಹುಡುಗರು ನಕ್ಕರು. ಕುಡಿಯದವನ ವೇಷ ತೊಟ್ಟು ಎದುರಿಗೆ ನಿಂತವನನ್ನು ಅವರು ಕಾಣಲಿಲ್ಲ.

ಬಿಡಬೇಕೆಂದರೆ ಸಂಕಲ್ಪಬಲ ಸಾಲದೆ? ನಾನೂ ಹಾಗೆಯೇ ನಂಬಿ, ಒಂದು ಯುಗಾದಿಯ ದಿನ ಯಾರಿಗೂ ಹೇಳದೆ ಬಿಟ್ಟೆ. ಎರಡನೆಯ ದಿನ ಕೈ ನಡುಗಿತು. ಮೂರನೆಯ ದಿನ ಮತ್ತೆ ಕುಡಿದೆ. ಬಹಳ ಕಾಲ ಬಹಳ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆಯಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಆಸರೆಯಲ್ಲಿಯೇ ಬಿಡಬೇಕೆಂಬುದನ್ನು ಆಮೇಲೆ ಕಲಿತೆ. ಸಂಕಲ್ಪ ಬೇಕು, ನಿಜ. ಆದರೆ ನನ್ನ ಸಂಕಲ್ಪದೊಳಗೆ ಅರ್ಧ ಪಾಲು, ಯಾರಿಗೂ ಗೊತ್ತಾಗಬಾರದೆಂಬ ಹಟವೇ ಇತ್ತು.

ಇಲ್ಲಿಯೇ ನಿಜವಾದ ತೊಡಕು. ನನಗೆ ಬೇಕಾದುದು ಇತರರ ನೆರವು. ನಾನು ಹೆದರುವುದೂ ಇತರರಿಗೇ. ಈಜು ಬಾರದವನಿಗೆ, ಈಜು ಕಲಿಸುವವನು ಹೊಳೆಯ ಆಚೆ ದಡದಲ್ಲಿದ್ದಾನೆಂದು ಹೇಳಿದಂತೆ. ಈ ತೊಡಕು ನನ್ನೊಬ್ಬನದಲ್ಲ. ಅಮೆರಿಕದ ಬಿಲ್ ವಿಲ್ಸನ್ ಮೊದಲ ಮಹಾಯುದ್ಧದ ಕಾಲದಲ್ಲಿ ತರುಣ ಸೈನ್ಯಾಧಿಕಾರಿಯಾಗಿದ್ದಾಗ, ಔತಣಕೂಟಗಳ ಸಂಕೋಚವನ್ನು ಮದ್ಯ ಕರಗಿಸಿತೆಂದೇ ಕುಡಿತಕ್ಕೆ ಒಲಿದವನು. 1935ರಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದಾಗ, ಆಕ್ರನ್ ಎಂಬ ಊರಿನಲ್ಲಿ ವ್ಯವಹಾರ ಕೆಟ್ಟು ಹೋಟೆಲಿನಲ್ಲಿ ಒಂಟಿಯಾಗಿ ನಿಂತು, ಮದ್ಯದ ಅಂಗಡಿಗೆ ಹೋಗುವ ಬದಲು ತನ್ನಂಥ ಇನ್ನೊಬ್ಬನನ್ನು ಹುಡುಕಿದ. ಸಿಕ್ಕವನು ಡಾಕ್ಟರ್ ಬಾಬ್ ಸ್ಮಿತ್. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು ಹಾಗೆ. ಅಲ್ಲಿ ಪೂರ್ಣ ಹೆಸರು ಹೇಳಬೇಕಿಲ್ಲ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು.

ನನ್ನ ಹೊಳೆಯನ್ನು ನಾನು ದಾಟಿದ್ದು ಸ್ವಲ್ಪಸ್ವಲ್ಪವಾಗಿ. ಮೊದಲು ಒಂದು ರಾತ್ರಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದೆ. ಮುಖ ಕಾಣದ ದನಿಯ ಮುಂದೆ ನಾಚಿಕೆ ಕಡಿಮೆ. ಅನಂತರ ವೈದ್ಯರು; ಅವರು ಕುಡಿತಕ್ಕೂ ಸಭಾಕಂಪಕ್ಕೂ ಕೂಡಿಯೇ ಚಿಕಿತ್ಸೆ ಕೊಟ್ಟರು. ಕೊನೆಗೆ ಒಂದು ಸಭೆ. ಬಾಗಿಲಲ್ಲಿ ನಿಂತಾಗಲೇ ಕಂಡೆ: ರತ್ನನ ಪದಗಳ ಪಾಠದಲ್ಲಿ ನಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿ ಒಳಗೆ ಕುಳಿತಿದ್ದ. ಹಿಂದಿರುಗಿ ಓಡಲು ಕಾಲೆತ್ತಿದ್ದೆ. ಅವನು ಎದ್ದು, "ಬನ್ನಿ ಸಾರ್, ಇಲ್ಲಿ ಜಾಗ ಇದೆ. ಮಾತಾಡ್ಲೇಬೇಕು ಅಂತೇನಿಲ್ಲ," ಎಂದ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ನಡೆದೇ ಹೋಯಿತು, ಆಕಾಶ ಬೀಳಲಿಲ್ಲ. ಮೂರು ವಾರ ಮಾತಾಡದೆ ಕುಳಿತೆ. ನಾಲ್ಕನೆಯ ವಾರ ಎರಡು ವಾಕ್ಯ ಹೇಳಿದೆ.

ಹೆಂಡದ ಮಾರಯ್ಯನ ಹೆಸರನ್ನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೇನೆ. ಆತ ಹೆಂಡ ಮಾರುತ್ತಿದ್ದವನು. ಶರಣನಾದ ಮೇಲೂ ಆ ಹೆಂಡದ ಹೆಸರು ಅಳಿಯಲಿಲ್ಲ. ತನ್ನ ಕಾಯಕದ ಮಾತನ್ನೇ ಆತ ವಚನದ ಮಾತಾಗಿಸಿದ. ಹಳೆಯದನ್ನು ಮುಚ್ಚಿಟ್ಟು ಪಡೆದ ಮಾನಕ್ಕಿಂತ, ಹೇಳಿಕೊಂಡ ಮೇಲೂ ಉಳಿದ ಮಾನ ಗಟ್ಟಿ ಎಂಬುದು ನನಗೆ ಅರ್ಥವಾದದ್ದು ಈಗ. ತಪ್ಪು ಮಾಡದಂತೆ ಕೈ ಹಿಡಿಯುವ ನಾಚಿಕೆಯೊಂದಿದೆ, ಅದು ಇರಲಿ. ತಪ್ಪಿನಿಂದ ಹೊರಬರದಂತೆ ಕಾಲು ಹಿಡಿಯುವ ನಾಚಿಕೆ ಇನ್ನೊಂದಿದೆ. ಎರಡಕ್ಕೂ ಒಂದೇ ಹೆಸರಿರುವುದರಿಂದ ಎಷ್ಟು ಮನೆಗಳು ಮೋಸಹೋಗಿವೆಯೋ!

ಈಗಲೂ ಮದುವೆಯ ಮನೆಗಳಲ್ಲಿ ಕಾಫಿಯ ಲೋಟ ನನ್ನ ಕೈಯಲ್ಲಿ ಸಣ್ಣಗೆ ನಡುಗುತ್ತದೆ. ನಡುಗಲಿ. ಆ ನಡುಕ ನನ್ನದೇ, ಅದಕ್ಕೆ ಬಡ್ಡಿಯಿಲ್ಲ.