ಕಾದಿದವರ ಹೆಸರು ಯಾರ ಋಣ?

ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಹೊರಗಿನವರಿಗೆ ಗೊತ್ತಿರುವುದು ದೀಪನಾಥೇಶ್ವರನಿಂದ. ಎಣ್ಣೆ ಹಾಕದೆಯೇ ದಶಕಗಳ ಕಾಲ ಉರಿದವೆಂದು ಭಕ್ತರು ನಂಬುವ ದೀಪಗಳ ಗುಡಿ ಅದು. ಬಂದವರು ಕೈಮುಗಿದು ಹೋಗುತ್ತಾರೆ. ನಂಬಿಕೆ ಯಾರಲ್ಲೂ ಪ್ರಮಾಣಪತ್ರ ಕೇಳುವುದಿಲ್ಲ. ಅದೇ ತಾಲ್ಲೂಕಿನಲ್ಲಿ ಕಾಡು ಸವರಿ ಹಸನು ಮಾಡಿದ ಹೊಲಗಳ ನಡುವೆ ಟಿಬೆಟನ್ ಕ್ಯಾಂಪುಗಳಿವೆ. ಅಲ್ಲಿನ ಹಳೆಯ ತಲೆಮಾರಿನ ಕಥೆ ಇದಕ್ಕೆ ತೀರ ತಿರುವುಮುರುವು. ಅವರ ನಡುವಿನಿಂದ ಹೋದವರು 1971ರಲ್ಲಿ ಭಾರತದ ಪರವಾಗಿ ಕಾದಿದರು, ಗಾಯಗೊಂಡರು, ಜೊತೆಗಾರರನ್ನು ಕಳೆದುಕೊಂಡರು. ಇದು ನಂಬಿಕೆಯ ಮಾತಲ್ಲ, ನಡೆದ ಸಂಗತಿ. ಆದರೂ ಆ ಯುದ್ಧದ ಶೌರ್ಯಪದಕಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಮಾಡಿದ ಕೆಲಸ ದಾಖಲೆಗೆ ಸೇರದಿದ್ದರೆ ಅದರಿಂದ ಧರ್ಮಕ್ಕೆ ನಷ್ಟವುಂಟೆ? ಫಲಾಪೇಕ್ಷೆ ಬಿಟ್ಟು ಕರ್ಮ ಮಾಡೆಂದು ಕಲಿಸಿದ ನೆಲದಲ್ಲಿ ಮುದಿ ಸೈನಿಕನೊಬ್ಬ ತನ್ನ ಸೇವೆಯನ್ನು ಬರೆದಿಡಿ ಎಂದು ಕೇಳಿದರೆ ಅದು ಮೋಹವೇ, ನ್ಯಾಯವೇ? ಮುಂಡಗೋಡದ ಕ್ಯಾಂಪುಗಳು ಈ ಪ್ರಶ್ನೆಯನ್ನು ಪುಸ್ತಕದಿಂದ ಇಳಿಸಿ ಅಂಗಳಕ್ಕೆ ತಂದು ನಿಲ್ಲಿಸುತ್ತವೆ.

ಮೊದಲು ನಡೆದದ್ದೇನು ಎಂಬುದು ತಿಳಿಯಬೇಕು. ಚೀನಾದೊಂದಿಗಿನ ಯುದ್ಧದ ನಡುವೆಯೇ, 1962ರ ನವೆಂಬರ್ 14ರಂದು, ಭಾರತ ಸರ್ಕಾರ ಟಿಬೆಟನ್ ನಿರಾಶ್ರಿತರ ಗುಪ್ತ ಪಡೆಯೊಂದನ್ನು ಕಟ್ಟಲು ತೀರ್ಮಾನಿಸಿತು. ಡೆಹ್ರಾಡೂನ್ ಬಳಿಯ ಚಕ್ರಾತಾ ಅದರ ನೆಲೆ, ಮೇಜರ್ ಜನರಲ್ ಸುಜಾನ್ ಸಿಂಗ್ ಉಬಾನ್ ಮೊದಲ ಮುಖ್ಯಸ್ಥರು. ಎರಡನೆಯ ಮಹಾಯುದ್ಧದಲ್ಲಿ ಅವರು 22ನೆಯ ಮೌಂಟನ್ ರೆಜಿಮೆಂಟನ್ನು ನಡೆಸಿದ್ದರು. ಅದರಿಂದ ಪಡೆಗೆ ಎಸ್ಟಾಬ್ಲಿಷ್‌ಮೆಂಟ್ 22 ಎಂಬ ಹೆಸರು ಬಂತು. ಟಿಬೆಟನ್ನರ ಬಾಯಲ್ಲಿ ಅದು ‘ಟೂ ಟೂ’. ಕಾಗದದ ಮೇಲಿನ ಹೆಸರು ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. 1966ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಅರಣ್ಯ ಭೂಮಿಯಲ್ಲಿ ಮುಂಡಗೋಡದ ನೆಲೆ ಹುಟ್ಟಿತು. ಬೈಲಕುಪ್ಪೆ, ಹುಣಸೂರು, ಕೊಳ್ಳೇಗಾಲದ ನೆಲೆಗಳಂತೆ ಇಲ್ಲಿನ ಯುವಕರೂ ಟೂ ಟೂ ಸೇರುತ್ತ ಬಂದರು.

1971ರ ನವೆಂಬರ್‌ನಲ್ಲಿ, ಯುದ್ಧ ಅಧಿಕೃತವಾಗಿ ಘೋಷಣೆಯಾಗುವ ಮೊದಲೇ, ಸುಮಾರು 3,000 ಟಿಬೆಟನ್ ಯೋಧರು ಮಿಜೋ ಬೆಟ್ಟಗಳ ದೇಮಾಗಿರಿಯಿಂದ ನದಿ ದಾಟಿ ಚಿತ್ತಗಾಂಗ್ ಗುಡ್ಡಗಾಡಿಗೆ ನುಗ್ಗಿದರು. ಭಾರತದ ಗುರುತು ಮೇಲೆ ಬೀಳಬಾರದೆಂದು ಅವರ ಕೈಗೆ ಬಲ್ಗೇರಿಯಾದಲ್ಲಿ ತಯಾರಾದ ಎಕೆ–47 ಕೊಡಲಾಗಿತ್ತು. ಸೇತುವೆಗಳನ್ನು ಕೆಡವಿದರು, ಕಾಪ್ತಾಯಿ ಅಣೆಕಟ್ಟಿನ ಸುತ್ತ ದಾಳಿ ನಡೆಸಿದರು, ಪಾಕಿಸ್ತಾನಿ ಸೈನಿಕರು ಬರ್ಮಾದತ್ತ ತಪ್ಪಿಸಿಕೊಳ್ಳುವ ದಾರಿಯನ್ನು ಕಟ್ಟಿಹಾಕಿದರು. ಹಿರಿಯ ಟಿಬೆಟನ್ ನಾಯಕ ದಾಪೋನ್ ಧೊಂಡುಪ್ ಗ್ಯಾತೊತ್ಸಾಂಗ್ ಕಾಳಗದ ಆರಂಭದಲ್ಲೇ ಗುಂಡಿಗೆ ಬಲಿಯಾದರು. ಒಟ್ಟು ಸುಮಾರು 50 ಮಂದಿ ಸತ್ತರು, 190ರಷ್ಟು ಮಂದಿ ಗಾಯಗೊಂಡರು. ತಮ್ಮ ನೆಲ ಬಿಡಿಸಿಕೊಳ್ಳುವ ಆಸೆಯಿಂದ ಬಂದೂಕು ಹಿಡಿದವರು ಇನ್ನೊಬ್ಬರ ಬಿಡುಗಡೆಗೆ ರಕ್ತ ಕೊಟ್ಟರು.

ಮರಳಿ ಬಂದವರಲ್ಲಿ ಸುಮಾರು 580 ಮಂದಿಗೆ ಸರ್ಕಾರ ನಗದು ಬಹುಮಾನ ಕೊಟ್ಟಿತು. ಪದಕ ಕೊಡಲಿಲ್ಲ. ಪದಕ ಕೊಟ್ಟರೆ ಹೆಸರು ಪ್ರಕಟಿಸಬೇಕು, ಎಲ್ಲಿ ಕಾದಿದ ಎಂದು ಬರೆಯಬೇಕು. ಇಲ್ಲದ ಪಡೆಗೆ ಅದನ್ನೆಲ್ಲ ಬರೆಯುವುದು ಹೇಗೆ?

ಹಳಿಯಾಳದ ಅಥವಾ ಜೋಯಿಡಾದ ಹುಡುಗನೊಬ್ಬ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿದನೆನ್ನಿ. ಅವನ ಕಡತ ಬೆಳಗಾವಿಯ ರೆಕಾರ್ಡ್ಸ್ ಕಚೇರಿಯಲ್ಲಿ ತೆರೆಯುತ್ತದೆ. ಮದುವೆ, ಮಗುವಿನ ಜನನ, ವರ್ಗಾವಣೆ ಎಲ್ಲವೂ ‘ಪಾರ್ಟ್ ಟೂ ಆರ್ಡರ್’ ಮೂಲಕ ಅದಕ್ಕೆ ಸೇರುತ್ತವೆ. ನಿವೃತ್ತನಾದಾಗ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ ಕೈಗೆ ಬರುತ್ತವೆ. ಅದರಲ್ಲಿ ಹೆಂಡತಿಯ ಹೆಸರು ತಪ್ಪಿದ್ದರೆ, 1971ರ ಪೂರ್ವಿ ಸ್ಟಾರ್ ಅಥವಾ ಸಂಗ್ರಾಮ್ ಮೆಡಲ್ ಬಿಟ್ಟುಹೋಗಿದ್ದರೆ, ಅರ್ಜಿ ಬರೆದು ತಿದ್ದಿಸಿಕೊಳ್ಳಬಹುದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ನೆರವಿಗಿದೆ. ಅಲ್ಲೂ ಆಗದಿದ್ದರೆ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ದಾರಿ ಉದ್ದ, ಚಪ್ಪಲಿ ಸವೆಯುತ್ತದೆ, ಆದರೆ ದಾರಿಯಿದೆ. ಟೂ ಟೂ ಪಡೆ ಸೇನೆಯ ಅಧೀನದಲ್ಲಿರಲಿಲ್ಲ, ಸಂಪುಟ ಸಚಿವಾಲಯದ ಕೆಳಗಿತ್ತು. ಆ ಯೋಧರ ಕಡತ ಸೇನೆಯ ರೆಕಾರ್ಡ್ಸ್ ಕಚೇರಿಗಳ ಸಾಲಿನಲ್ಲೇ ಇರಲಿಲ್ಲ. ಅವರಿಗೆ ತಿದ್ದಿಸಬೇಕಾದ್ದು ಒಂದು ಅಕ್ಷರವನ್ನಲ್ಲ. ತಾವು ಅಲ್ಲಿದ್ದೆವು ಎಂಬುದನ್ನೇ ಹೊಸದಾಗಿ ಬರೆಸಬೇಕು.

ಇನ್ನು ಧರ್ಮದ ಪ್ರಶ್ನೆ. ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಗೀತೆಯ ಎರಡನೆಯ ಅಧ್ಯಾಯದ 47ನೆಯ ಶ್ಲೋಕ ಕರ್ಮದಲ್ಲಷ್ಟೇ ಅಧಿಕಾರ, ಫಲದಲ್ಲಿಲ್ಲ ಎನ್ನುತ್ತದೆ. ಪದಕ ಫಲವಲ್ಲದೆ ಇನ್ನೇನು? ಅದನ್ನು ಬಯಸಿದರೆ ಮಾಡಿದ ಕೆಲಸದ ಪಾವಿತ್ರ್ಯವೇ ಕೆಡುವುದಿಲ್ಲವೇ? ಹೀಗೆ ಕೇಳುವವರು ಅದೇ ಅಧ್ಯಾಯದಲ್ಲಿ ಹದಿಮೂರು ಶ್ಲೋಕ ಹಿಂದಕ್ಕೆ ಹೋಗಿ ನೋಡಬೇಕು. 34ನೆಯ ಶ್ಲೋಕದಲ್ಲಿ ಕೃಷ್ಣನೇ ಅರ್ಜುನನಿಗೆ, ಮಾನವಂತನಾದವನಿಗೆ ಅಪಕೀರ್ತಿ ಸಾವಿಗಿಂತ ಕೆಟ್ಟದ್ದು ಎಂದು ಹೇಳುತ್ತಾನೆ. ಸೈನಿಕನ ಹೆಸರು ಹಗುರವಾದ ವಸ್ತುವೆಂದು ಗೀತೆ ಎಲ್ಲಿಯೂ ಹೇಳಿಲ್ಲ. ಮುಖ್ಯವಾದ ಮಾತು ಇನ್ನೂ ಒಂದಿದೆ. ಫಲತ್ಯಾಗದ ಉಪದೇಶ ಇರುವುದು ಕರ್ಮ ಮಾಡುವವನಿಗೆ. ಆ ಕರ್ಮದಿಂದ ಲಾಭ ಪಡೆದವನು ಅದೇ ಉಪದೇಶವನ್ನು ಹಿಡಿದುಕೊಂಡು ‘ನಿನಗೆ ಫಲದ ಆಸೆ ಇರಬಾರದು, ಹಾಗಾಗಿ ನಾನು ಕೊಡುವುದಿಲ್ಲ’ ಎನ್ನಲು ಬರುವುದಿಲ್ಲ. ಫಲ ಬಿಡುವ ಹಕ್ಕು ದುಡಿದವನದು. ಬಾಕಿ ಉಳಿಸಿಕೊಂಡವನಿಗೆ ಆ ಹಕ್ಕಿಲ್ಲ, ಅವನಿಗಿರುವುದು ಋಣ ಮಾತ್ರ.

ಕರ್ಣನ ಕಥೆಯಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಉದ್ಯೋಗಪರ್ವದಲ್ಲಿ ಕೃಷ್ಣ ಅವನ ನಿಜವಾದ ಹುಟ್ಟನ್ನು ತಿಳಿಸುತ್ತಾನೆ. ಹಿರಿಯ ಪಾಂಡವನಾಗಿ ರಾಜ್ಯ ಪಡೆಯಬಹುದು ಎನ್ನುತ್ತಾನೆ. ಕರ್ಣ ಒಲ್ಲೆನೆನ್ನುತ್ತಾನೆ. ಸಾಲದ್ದಕ್ಕೆ, ಈ ಸಂಗತಿ ಧರ್ಮರಾಯನಿಗೆ ತಿಳಿಯದಂತೆ ಮುಚ್ಚಿಡು ಎಂದು ತಾನೇ ಬೇಡುತ್ತಾನೆ. ಗುಟ್ಟಿಗೆ ಅವನ ಒಪ್ಪಿಗೆಯಿತ್ತು. ಆದರೆ ಯುದ್ಧ ಮುಗಿದು ಗಂಗೆಯ ದಡದಲ್ಲಿ ಸತ್ತವರಿಗೆ ನೀರು ಬಿಡುವ ಹೊತ್ತಿಗೆ ಕುಂತಿ ಬಾಯಿ ಬಿಡುತ್ತಾಳೆ: ಅವನು ನಿಮ್ಮ ಅಣ್ಣ, ಅವನಿಗೂ ತರ್ಪಣ ಕೊಡಿ. ಕರ್ಣನಿಗೆ ಅದರಿಂದ ರಾಜ್ಯ ಸಿಗಲಿಲ್ಲ, ಜೀವ ಮರಳಲಿಲ್ಲ. ಹಾಗಿದ್ದರೂ ಆ ಮಾತು ಹೊರಬರಲೇಬೇಕಿತ್ತು, ಏಕೆಂದರೆ ಸಲ್ಲಿಸಬೇಕಾದ ಋಣ ಬದುಕುಳಿದವರ ಮೇಲಿತ್ತು. ಇಷ್ಟು ದಿನ ಮುಚ್ಚಿಟ್ಟದ್ದಕ್ಕಾಗಿ ಧರ್ಮರಾಯ ಪಟ್ಟ ಸಂಕಟವನ್ನು ವ್ಯಾಸರು ವಿಸ್ತಾರವಾಗಿ ಹೇಳುತ್ತಾರೆ. ಕಾಳಗದ ಕಾಲದ ಗುಟ್ಟು ಕಾಳಗ ಮುಗಿದ ಮೇಲೂ ಗುಟ್ಟಾಗಿಯೇ ಉಳಿದರೆ ಅದು ಅಧರ್ಮಕ್ಕೆ ತಿರುಗುತ್ತದೆ ಎಂಬ ತಿಳಿವಳಿಕೆ ಅಲ್ಲಿದೆ.

ಟಿಬೆಟನ್ ಯೋಧರ ಸ್ವಂತ ಧರ್ಮ ಏನನ್ನುತ್ತದೆ? ಮುಂಡಗೋಡದಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳು ಮರುಹುಟ್ಟು ಪಡೆದಿವೆ. ಅಲ್ಲಿನ ತರ್ಕದ ಅಂಗಳಗಳಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತ ಅನಾತ್ಮವಾದವನ್ನು ಕಲಿಯುತ್ತಾರೆ. ಸ್ಥಿರವಾದ ‘ನಾನು’ ಎಂಬುದೇ ಇಲ್ಲವಾದರೆ 1971ರ ಪದಕ ಇಂದಿನ ಮುದುಕನಿಗೆ ಹೇಗೆ ಸಲ್ಲುತ್ತದೆ? ಈ ಪ್ರಶ್ನೆಗೆ ಬೌದ್ಧರು ಎರಡು ಸಾವಿರ ವರ್ಷಗಳ ಹಿಂದೆಯೇ ಉತ್ತರ ಹುಡುಕಿದ್ದಾರೆ. ‘ಮಿಲಿಂದಪಞ್ಹ’ದಲ್ಲಿ ಗ್ರೀಕ್ ಮೂಲದ ದೊರೆ ಮಿಲಿಂದನಿಗೆ ನಾಗಸೇನ ರಾತ್ರಿಯಿಡೀ ಉರಿಯುವ ದೀಪದ ನಿದರ್ಶನ ಕೊಡುತ್ತಾನೆ. ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಒಂದನ್ನು ಆಶ್ರಯಿಸಿ ಇನ್ನೊಂದು ಉಂಟಾಗುತ್ತದೆ. ಆ ಸರಣಿಯಲ್ಲೇ ಕರ್ಮದ ಹೊಣೆ ಹರಿದು ಬರುತ್ತದೆ. ಮಾವು ಕದ್ದವನು ‘ನಾನು ಕದ್ದ ಮಾವೇ ಬೇರೆ, ನೆಟ್ಟ ಮಾವೇ ಬೇರೆ’ ಎಂದು ವಾದಿಸಿ ಪಾರಾಗಲಾರ ಎಂಬುದೂ ಅದೇ ಗ್ರಂಥದ ಮಾತು. ತಪ್ಪಿನ ಹೊಣೆ ಹೀಗೆ ಹರಿದು ಬರುವುದಾದರೆ ಒಳ್ಳೆಯದರ ಸಲ್ಲಿಕೆಯೂ ಬರಲೇಬೇಕು.

ಇದರೊಳಗೆ ಇನ್ನೊಂದು ಮುಳ್ಳಿದೆ. ಕೊಲ್ಲದಿರುವುದು ಬುದ್ಧನ ಮೊದಲ ಶೀಲ. 1950ರ ದಶಕದಲ್ಲಿ ಟಿಬೆಟ್‌ನ ಹಲವು ಭಿಕ್ಷುಗಳು ಬಂದೂಕು ಹಿಡಿಯುವ ಮೊದಲು ತಮ್ಮ ವ್ರತವನ್ನು ಗುರುಗಳಿಗೆ ಹಿಂತಿರುಗಿಸಿದರು. ಚೀವರ ತೊಟ್ಟುಕೊಂಡೇ ಕೊಲ್ಲಬಾರದು ಎಂಬ ನಿಷ್ಠೆ ಅದು. ಯುದ್ಧದ ದಾಖಲೆ ಎಂದರೆ ಶೌರ್ಯದ ದಾಖಲೆಯಷ್ಟೇ ಅಲ್ಲ, ಹಿಂಸೆಯ ದಾಖಲೆಯೂ ಹೌದು. ಅದನ್ನು ಬರೆದಿಟ್ಟು ಕೊಂಡಾಡುವುದು ಸರಿಯೇ ಎಂದು ಕೇಳುವ ಬೌದ್ಧನ ಅಳುಕು ಪ್ರಾಮಾಣಿಕವಾದದ್ದು. ಆದರೆ ಬೌದ್ಧ ಸಂಘ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಕೂಡಿ ಪ್ರಾತಿಮೋಕ್ಷ ಓದುವಾಗ, ನಡೆದ ತಪ್ಪನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಭಿಕ್ಷು ಹಗುರಾಗುತ್ತಾನೆ. ನಡೆದದ್ದನ್ನು ನಡೆಯಿತು ಎನ್ನುವುದು ಕೀರ್ತಿಗೂ ಬೇಕು, ಪ್ರಾಯಶ್ಚಿತ್ತಕ್ಕೂ ಬೇಕು. ನಡೆಯಲೇ ಇಲ್ಲವೆಂದು ಬರೆದ ಯುದ್ಧಕ್ಕೆ ಯೋಧ ಹೆಮ್ಮೆಯನ್ನೂ ಪಡಲಾರ, ಪಶ್ಚಾತ್ತಾಪವನ್ನೂ ಪಡಲಾರ.

ಕನ್ನಡದ ನೆಲಕ್ಕೆ ಈ ವಿವೇಕ ಹೊಸದಲ್ಲ. ಮುಂಡಗೋಡಕ್ಕೆ ಹೊಂದಿಕೊಂಡ ಶಿರಸಿ ತಾಲ್ಲೂಕಿನ ಬನವಾಸಿ ಕದಂಬರ ರಾಜಧಾನಿ. ಅವರ ಕಾಲದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನ ಬರೆದಿಟ್ಟಿರುವುದೇ ಒಬ್ಬ ಯೋಧನ ಸೇವೆಯನ್ನು. ವಿಜಾರಸ ಯಾರ ವಿರುದ್ಧ ಕಾದಿದ, ಯಾವ ವೀರರ ಸಮಕ್ಷಮದಲ್ಲಿ ಅವನಿಗೆ ಯಾವ ಎರಡು ಹಳ್ಳಿಗಳನ್ನು ಕೊಟ್ಟರು ಎಂದು ಕಲ್ಲು ಹೇಳುತ್ತದೆ. ಕೊಟ್ಟದ್ದನ್ನು ಅಳಿಸುವವನಿಗೆ ಮಹಾಪಾಪವೆಂದೂ ಎಚ್ಚರಿಸುತ್ತದೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಇನ್ನೂ ಮುಂದೆ ಹೋಗುತ್ತದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲನ್ನು ಇಂದೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಊರೂರಲ್ಲಿ ನಿಂತ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ವೀರಸ್ವರ್ಗ ಸಿಕ್ಕಿತೆಂದು ನಂಬಿದ ಜನ, ಹೇಗೂ ಸ್ವರ್ಗಕ್ಕೆ ಹೋದನಲ್ಲ ಎಂದು ಕಲ್ಲು ಕೆತ್ತುವುದನ್ನು ಬಿಡಲಿಲ್ಲ. ಪರಲೋಕದ ಲೆಕ್ಕ ದೇವರದು. ಇಹಲೋಕದ ಲೆಕ್ಕ ತಮ್ಮದೇ ಎಂದು ಅವರಿಗೆ ಗೊತ್ತಿತ್ತು.

ರಾಜ್ಯಕ್ಕೂ ತನ್ನ ಧರ್ಮವಿದೆ, ಗುಟ್ಟು ಕಾಯುವುದು ಅದರ ಭಾಗ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಚೀನಾದ ಗಡಿಯ ಸೂಕ್ಷ್ಮ, ನಿರಾಶ್ರಿತರ ಸ್ಥಿತಿ, ಇಂದೂ ಸೇವೆಯಲ್ಲಿರುವವರ ಸುರಕ್ಷೆ ಎಲ್ಲವೂ ನಿಜ. ಆದರೆ ಈ ಗುಟ್ಟು ಎಂದೋ ಬಯಲಾಗಿದೆ. ಉಬಾನ್ ತಾವೇ 1985ರಲ್ಲಿ ‘ಫ್ಯಾಂಟಮ್ಸ್ ಆಫ್ ಚಿತ್ತಗಾಂಗ್’ ಎಂಬ ಪುಸ್ತಕ ಬರೆದರು. 2020ರ ಆಗಸ್ಟ್ ಕೊನೆಯಲ್ಲಿ ಪ್ಯಾಂಗಾಂಗ್ ಸರೋವರದ ಬಳಿ ಹಳೆಯ ನೆಲಬಾಂಬಿಗೆ ಬಲಿಯಾದ ಟೂ ಟೂ ಯೋಧ ನ್ಯೀಮಾ ತೆನ್‌ಜಿನ್ ಅವರ ಅಂತ್ಯಕ್ರಿಯೆ ಲೇಹ್‌ನಲ್ಲಿ ಬಹಿರಂಗವಾಗಿ ನಡೆಯಿತು; ಶವಪೆಟ್ಟಿಗೆಯ ಮೇಲೆ ಭಾರತದ ಧ್ವಜವೂ ಟಿಬೆಟ್‌ನ ಧ್ವಜವೂ ಇದ್ದವು. 2020ರ ಯೋಧನಿಗೆ ಸಂದ ಬಹಿರಂಗ ಗೌರವ 1971ರ ಯೋಧರಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಭದ್ರತೆಯ ಹೆಸರಿನಲ್ಲಿ ಉತ್ತರ ಕೊಡುವುದು ಕಷ್ಟ. ಅಮೆರಿಕದಲ್ಲಿ ನವಾಹೋ ಬುಡಕಟ್ಟಿನ ಸಂಕೇತಭಾಷಾ ಸೈನಿಕರ ಕೆಲಸವನ್ನು 1968ರವರೆಗೆ ಗುಟ್ಟಾಗಿಟ್ಟಿದ್ದರು. ಮೊದಲ 29 ಮಂದಿಗೆ ಚಿನ್ನದ ಪದಕ ಸಂದದ್ದು 2001ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ತೀರಿಹೋಗಿದ್ದರು. ತಡವಾದ ನ್ಯಾಯದ ಬೆಲೆ ಅದು.

ದಾಖಲೆ ತಿದ್ದುವುದೆಂದರೆ ಹೊಗಳಿಕೆ ಹೆಚ್ಚಿಸುವುದು ಎಂಬ ಅನುಮಾನಕ್ಕೆ ಶರಣರ ಬದುಕಿನಲ್ಲಿ ಉತ್ತರವಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲ್ಲದೆ ಮರಳಿಸಿದಳು. ಕಾಯಕದ ನಿಷ್ಠೆ ಎರಡೂ ಕಡೆಗೆ ಕೆಲಸ ಮಾಡುತ್ತದೆ: ಸಲ್ಲದ್ದು ಒಂದು ಕಾಳೂ ಬೇಡ, ಸಲ್ಲಬೇಕಾದ್ದು ಒಂದು ಕಾಳೂ ಕಡಿಮೆಯಾಗಬಾರದು. ಕಾದದೆ ಪದಕ ತೊಟ್ಟವನ ಹೆಸರನ್ನು ಅಳಿಸುವ ಕೈಯೇ, ಕಾದಿಯೂ ಹೆಸರಿಲ್ಲದವನನ್ನು ಬರೆಯಬೇಕು. ಎರಡೂ ಒಂದೇ ಸತ್ಯದ ಕೆಲಸ.

1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಕಾಪ್ತಾಯಿಯ ದಾಳಿಯಲ್ಲಿ ಪಕ್ಕದಲ್ಲಿದ್ದವನು ಯಾರು, ಎಲ್ಲಿ ಬಿದ್ದ ಎಂದು ಸಾಕ್ಷಿ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೇಕಿರುವುದು ದೊಡ್ಡ ಸ್ಮಾರಕವಲ್ಲ. ಮಡಿದವರ ಮತ್ತು ಬದುಕುಳಿದವರ ಹೆಸರು, ಕಾದಿದ ಜಾಗ, ದಿನಾಂಕ ಇಷ್ಟನ್ನು ಸಂಪುಟ ಸಚಿವಾಲಯ ತನ್ನ ಕಡತಗಳಿಂದ ತೆಗೆದು, ಬದುಕಿರುವವರ ಹೇಳಿಕೆಯೊಂದಿಗೆ ಹೋಲಿಸಿ, 1971ರ ಯುದ್ಧದ ಅಧಿಕೃತ ಪಟ್ಟಿಗೆ ಸೇರಿಸಬಹುದು. ಅರ್ಹರಿಗೆ ಪದಕ ಆಮೇಲೆ ಬರಲಿ. ಅರ್ಧ ಶತಮಾನಕ್ಕೂ ಹಿಂದೆ ಈ ಜನರಿಗೆ ನೆಲ ಕೊಟ್ಟ ಕರ್ನಾಟಕ, ಮುಂಡಗೋಡ, ಬೈಲಕುಪ್ಪೆ, ಹುಣಸೂರು, ಕೊಳ್ಳೇಗಾಲದ ಕ್ಯಾಂಪುಗಳಲ್ಲಿರುವ ಹಳೆಯ ಯೋಧರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸವನ್ನು ದೆಹಲಿಗಾಗಿ ಕಾಯದೆ ಈ ವರ್ಷವೇ ಆರಂಭಿಸಬಹುದು.