ಒಬ್ಬರೆಂಬ ಸಂಖ್ಯೆ

ಕಾರ್ಕಳದಿಂದ ಬರುವ ದಾರಿ ಬಜಗೋಳಿಯಲ್ಲಿ ಕವಲೊಡೆಯುತ್ತದೆ. ಒಂದು ಕುದುರೆಮುಖದ ಘಟ್ಟವನ್ನೇರಿದರೆ ಮತ್ತೊಂದು ನಾರಾವಿಯ ಮೂಲಕ ಧರ್ಮಸ್ಥಳದತ್ತ ಸಾಗುತ್ತದೆ. ಇಂತಹ ಸಣ್ಣ ಪೇಟೆಯಲ್ಲಿ ಯಾರ ಮನೆಗೆ ಯಾರು ಬಂದರೆಂಬುದು ಸಂಜೆಯೊಳಗೆ ಹತ್ತು ಜನರಿಗೆ ತಿಳಿಯುತ್ತದೆ. ಆದರೂ ಬಸದಿಯ ಕಾಣಿಕೆ ಡಬ್ಬಿಗೆ ಯಾರೆಷ್ಟು ಹಾಕಿದರೆಂದು ಯಾರೂ ಇಣುಕಿ ನೋಡುವುದಿಲ್ಲ. ರಶೀದಿ ಬೇಕೆಂದವರು ಮಾತ್ರ ತಮ್ಮ ಹೆಸರು ಹೇಳುತ್ತಾರೆ. ಡಬ್ಬಿಯ ಒಟ್ಟು ಮೊತ್ತವನ್ನು ಎಣಿಸಬೇಕು, ಕೊಟ್ಟವರ ಕೈಯನ್ನು ಎಣಿಸಬಾರದು ಎಂಬ ಈ ವಿವೇಕವನ್ನು ಗಣಕಯಂತ್ರದ ಲೋಕಕ್ಕೂ ಅನ್ವಯಿಸಿ ನೋಡಬೇಕಾದ ಕಾಲ ಬಂದಿದೆ.

ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ತಂತ್ರಾಂಶ. ಬಹುಪಾಲು ಸಣ್ಣ ಯೋಜನೆಗಳನ್ನು ಇಬ್ಬರು ಮೂವರು ತಮ್ಮ ಬಿಡುವಿನ ವೇಳೆಯಲ್ಲಿ, ಪ್ರತಿಫಲಾಪೇಕ್ಷೆಯಿಲ್ಲದೆ ನಡೆಸುತ್ತಾರೆ. ಇದೂ ಒಂದು ಬಗೆಯ ವಿದ್ಯಾದಾನವೇ. ನಮ್ಮ ಕರಾವಳಿಯವರೇ ಆದ ನಾಡೋಜ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಂಗೀಕರಿಸಿತು. ನಾಡಿನಾದ್ಯಂತ ಜನ ಅದರಲ್ಲಿ ಬೆರಳಾಡಿಸುತ್ತಾರೆ. ಆದರೆ ಕೀಲಿಗಳ ವಿನ್ಯಾಸವು ತನ್ನನ್ನು ಬಳಸಿದವರ ವರದಿಯನ್ನು ಯಾರಿಗೂ ಕಳುಹಿಸಲಾರದು. ಇಂದಿನ ತಂತ್ರಾಂಶ ಹಾಗಲ್ಲ. ಅದು ಯಾವ ಯಂತ್ರದಲ್ಲಿದೆ, ಅದರ ಯಾವ ಭಾಗ ಎಷ್ಟು ಸಲ ಬಳಕೆಯಾಯಿತು, ಎಲ್ಲಿ ಕೆಟ್ಟು ನಿಂತಿತು ಎಂಬುದನ್ನು ತಾನೇ ತನ್ನ ಕರ್ತೃವಿಗೆ ತಿಳಿಸಬಲ್ಲದು. ಇದಕ್ಕೆ ಟೆಲಿಮೆಟ್ರಿ ಎಂದು ಹೆಸರು.

ಇದರಿಂದ ಉಪಕಾರವಿಲ್ಲವೆನ್ನಲಾಗದು. ಒಂದು ಟ್ರಸ್ಟಿನ ಕಚೇರಿಯಲ್ಲಿ ಹದಿನೈದು ವರ್ಷದ ಹಳೆಯ ಕಂಪ್ಯೂಟರ್ ಇದೆಯೆಂದು ಭಾವಿಸೋಣ. ಅಂತಹ ಯಂತ್ರಗಳು ಇನ್ನೂ ಬಳಕೆಯಲ್ಲಿವೆಯೆಂದು ತಿಳಿಯದಿದ್ದರೆ ಕರ್ತೃಗಳು ಮುಂದಿನ ಆವೃತ್ತಿಯಲ್ಲಿ ಅವುಗಳನ್ನು ಕೈಬಿಟ್ಟಾರು. ಆಗ ಮೌನವಾಗಿದ್ದವರಿಗೇ ನಷ್ಟ.

ಹಾಗಿದ್ದರೂ ಅಂಕಿಗಳು ಹೇಳುವುದು ವಸ್ತುವಿನ ಒಂದು ಮುಖವನ್ನು ಮಾತ್ರ. ಅನೇಕಾಂತದ ಪರಿಚಯವಿರುವ ನಮಗೆ ಇದು ಹೊಸ ಮಾತಲ್ಲ. ದಶಲಕ್ಷಣ ಪರ್ವದ ಪತ್ರಿಕೆ ಮುದ್ರಿಸಲೆಂದು ವರ್ಷಕ್ಕೊಮ್ಮೆ ಬಳಸುವ ಸೌಲಭ್ಯ ಅಂಕಿಗಳಲ್ಲಿ ನಿರುಪಯುಕ್ತವೆಂದೇ ತೋರುತ್ತದೆ. ಎಷ್ಟು ಸಲ ಬಳಸಿದರೆಂಬುದರಿಂದ ಎಷ್ಟು ಬೇಕಾಗಿತ್ತೆಂಬುದು ತಿಳಿಯದು.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಹೆಸರಿಲ್ಲದ ಅಂಕಿಯಿಂದ ಯಾರಿಗೂ ಹಾನಿಯಿಲ್ಲವೆಂದು ಹೇಳುವುದುಂಟು. ಕೋಟಿ ಜನ ಬಳಸುವ ತಂತ್ರಾಂಶದಲ್ಲಿ ಈ ಮಾತು ಬಹುಮಟ್ಟಿಗೆ ನಡೆದೀತು. ಆದರೆ ಕೆಲವೇ ನೂರು ಜನ ಬಳಸುವ ಕನ್ನಡದ ತಂತ್ರಾಂಶವೊಂದರ ವರದಿಯಲ್ಲಿ ‘ಬಜಗೋಳಿ: ಒಬ್ಬರು, ರಾತ್ರಿ ಹನ್ನೊಂದರ ನಂತರ’ ಎಂದು ಬಂದರೆ, ಆ ಒಬ್ಬರು ಯಾರೆಂದು ಊರವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮುದಾಯ ಚಿಕ್ಕದಾದಷ್ಟೂ ಸಂಖ್ಯೆಯು ಹೆಸರಿಗೆ ಸಮೀಪವಾಗುತ್ತದೆ. ಅಲ್ಪಸಂಖ್ಯೆಯವರಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು.

ಉಮಾಸ್ವಾಮಿಗಳು ತತ್ವಾರ್ಥಸೂತ್ರದಲ್ಲಿ ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವೆಂದು ನಿರೂಪಿಸಿದ್ದಾರೆ. ಮಾಹಿತಿಯನ್ನು ತೆಗೆದುಕೊಂಡರೆ ಬಳಕೆದಾರನ ಬಳಿ ಇದ್ದದ್ದು ಕಡಿಮೆಯಾಗುವುದಿಲ್ಲವಲ್ಲ, ಕಳವು ಹೇಗಾದೀತು ಎಂದು ಕೇಳಬಹುದು. ಆದರೆ ಅಚೌರ್ಯದ ಒರೆಗಲ್ಲು ಕಳೆದುಕೊಂಡವನ ನಷ್ಟವಲ್ಲ. ಅವನು ಕೊಟ್ಟನೇ ಎಂಬುದು. ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿದ್ದೇವೆಂಬ ಕಾರಣಕ್ಕೆ ಕೇಳದೆ ತೆಗೆದುಕೊಂಡರೆ, ಕೊಟ್ಟದ್ದು ದಾನವಾಗಿ ಉಳಿಯದೆ ವಿನಿಮಯವಾಗುತ್ತದೆ. ಅದೂ ಒಬ್ಬನಿಗೆ ಮಾತ್ರ ಗೊತ್ತಿರುವ ವಿನಿಮಯ.

ಕೇಳಿ ಪಡೆಯುವ ಮಾರ್ಗ ಇದ್ದೇ ಇದೆ. ಸ್ವಯಂಸೇವಕರು ನಡೆಸುವ ಡೆಬಿಯನ್ ಯೋಜನೆಯಲ್ಲಿ ಬಳಕೆಯ ಸಮೀಕ್ಷೆಗೆ ಸೇರುವಿರಾ ಎಂದು ಸ್ಥಾಪನೆಯ ವೇಳೆ ಕೇಳುತ್ತಾರೆ. ಬಳಕೆದಾರ ಏನೂ ಬದಲಿಸದಿದ್ದರೆ ಉತ್ತರ ‘ಇಲ್ಲ’ ಎಂದೇ ಉಳಿಯುತ್ತದೆ. 2023ರಲ್ಲಿ ಗೂಗಲ್‌ನ ಗೋ ಭಾಷೆಯ ಬಳಗವು, ಬೇಡವೆನ್ನದವರೆಲ್ಲರ ಮಾಹಿತಿಯನ್ನು ಪಡೆಯುವ ಯೋಜನೆ ಮಂಡಿಸಿ, ಆಕ್ಷೇಪಗಳ ನಂತರ ಒಪ್ಪಿದವರಿಂದ ಮಾತ್ರ ಪಡೆಯುವಂತೆ ಅದನ್ನು ಬದಲಿಸಿತು. ಒಪ್ಪಿದವರ ಸಂಖ್ಯೆ ಕಡಿಮೆಯಿದ್ದು ಲೆಕ್ಕ ಅಪೂರ್ಣವಾಗುತ್ತದೆ ನಿಜ. ಆ ಅಪೂರ್ಣತೆಯನ್ನು ಸಹಿಸಿಕೊಳ್ಳುವುದೇ ಇಲ್ಲಿನ ಸಂಯಮ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸಾರಿತು. ಆದರೆ ಶ್ರಾವಕನಿಗೆ ಕಾನೂನು ಕೊನೆಯ ಮೆಟ್ಟಿಲಲ್ಲ, ಮೊದಲನೆಯದು.

ಒಪ್ಪಿಗೆ ದೊರೆತ ಮೇಲೂ ಪರಿಗ್ರಹ ಪರಿಮಾಣದ ಪ್ರಶ್ನೆ ಉಳಿಯುತ್ತದೆ. ಮುಂದೆಂದಾದರೂ ಬೇಕಾದೀತೆಂದು ಕೂಡಿಟ್ಟ ಮಾಹಿತಿಯೂ ಪರಿಗ್ರಹವೇ. ನಮ್ಮ ಟ್ರಸ್ಟುಗಳ ಕಪಾಟುಗಳಲ್ಲಿ, ಈಗ ಕಂಪ್ಯೂಟರುಗಳಲ್ಲಿ, ಎಷ್ಟೋ ಕುಟುಂಬಗಳ ಹೆಸರು, ದೂರವಾಣಿ ಸಂಖ್ಯೆ, ಕೊಟ್ಟ ವಂತಿಗೆಯ ವಿವರಗಳಿವೆ. ಯಾವ ಕೆಲಸಕ್ಕೆಂದು ಅವನ್ನು ಕೇಳಿ ಪಡೆದೆವು? ಆ ಕೆಲಸ ಮುಗಿದಿದೆಯೇ? ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಈ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುವುದು ಉಚಿತವೆಂದು ತೋರುತ್ತದೆ.