ನೆರೆಯವನು ಯಾರು? ದೊಡ್ಡ ಪಟ್ಟಣದಲ್ಲಿಯೂ ಚಿಕ್ಕ ಪಟ್ಟಣದಲ್ಲಿಯೂ

ಸಿದ್ದಾಪುರ ಸೀಮೆಯ ತ್ಯಾಗಲಿಯಂಥ ಊರುಗಳ ಕಡೆಯವರಾದ ನಮಗೆ ಪಟ್ಟಣವೆಂದರೆ ಶಿರಸಿ. ನಮ್ಮ ಮಕ್ಕಳಿಗಾದರೋ ಬೆಂಗಳೂರು. 2011ನೆಯ ಜನಗಣತಿಯಲ್ಲಿ ಶಿರಸಿಯ ನಿವಾಸಿಗಳು ಸುಮಾರು 62 ಸಾವಿರ, ಬೆಂಗಳೂರಿನವರು 84 ಲಕ್ಷ. ಅಂದರೆ ನೂರಮೂವತ್ತಕ್ಕಿಂತ ಹೆಚ್ಚು ಶಿರಸಿಗಳು ಒಂದೇ ಸ್ಥಳದಲ್ಲಿ ಕೂಡಿದ ಹಾಗಾಯಿತು. ಆದರೆ ಭೇದವು ಲೆಕ್ಕದಲ್ಲಿ ಮಾತ್ರ ಇರುವದಿಲ್ಲ.

ಶಿರಸಿಯ ಪೇಟೆಗೆ ಅಡಿಕೆ ಮಾರುವದಕ್ಕೆ ಹೋದವನನ್ನು "ಯಾವೂರು? ಯಾರ ಮನೆಯವ?" ಎಂದು ಕೇಳದೆ ಬಿಡುವವರು ಕಡಿಮೆ. ಆ ಪ್ರಶ್ನೆಯಲ್ಲಿ ಪ್ರೀತಿಯುಂಟು. ಕೈಯಲ್ಲಿ ಹಣವಿಲ್ಲದಿದ್ದರೂ ಗುರುತಿನ ಅಂಗಡಿಯವನು ಸಾಮಾನು ಕೊಡುವನು. ಬಸ್ಸು ತಪ್ಪಿದರೆ ಮಲಗುವದಕ್ಕೆ ಜಗಲಿ ದೊರಕುವದು. ಅದೇ ಪ್ರಶ್ನೆಯಲ್ಲಿ ಮುಳ್ಳೂ ಉಂಟು. ಯಾರ ಮನೆಯೆಂದು ತಿಳಿದ ಕೂಡಲೆ ನೀರು ಕೊಡುವ ಪಾತ್ರೆಯು ಬದಲಾದದ್ದನ್ನು ನಮ್ಮ ಹಿರಿಯರು ಬಲ್ಲರು. ಹೀಗಿರಲು, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದ ನಮ್ಮ ಯೌವನಸ್ಥನಿಗೆ ಯಾರೂ ಹಾಗೆ ಕೇಳದಿರುವದೇ ದೊಡ್ಡ ಬಿಡುಗಡೆಯಾಗಿ ತೋರಿದರೆ ಆಶ್ಚರ್ಯವೇನು? ಆದದರಿಂದ ಹಳ್ಳಿಯೇ ಪುಣ್ಯವೆಂದೂ ಪಟ್ಟಣವೇ ಪಾಪವೆಂದೂ ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಅಲ್ಲಿಯೂ ಬಾಡಿಗೆಗೆ ಮನೆ ಹುಡುಕುವಾಗ ಅದೇ ಪ್ರಶ್ನೆಯು ಬಾಗಲಲ್ಲಿ ಕಾದು ನಿಂತಿರುವದುಂಟು, ಅದು ಬೇರೆ ಮಾತು.

ಆದರೆ ಕೇಳದವನು ಅನೇಕ ಸಲ ನೋಡುವದೂ ಇಲ್ಲ. ನಮ್ಮ ಕಡೆ ತೋಟದ ಮನೆಗಳು ದೂರ ದೂರವಿದ್ದರೂ ಮುಂಜಾನೆ ಬಚ್ಚಲ ಒಲೆಯ ಹೊಗೆ ಕಾಣದಿದ್ದರೆ ಆಚೆಯ ಮನೆಯವರು ಬಂದು ಕೂಗುವರು. ಅಲ್ಲಿ ಒಂದೇ ಗೋಡೆಯ ಆಚೆ ಈಚೆ ವರುಷಗಟ್ಟಲೆ ಇದ್ದವರು ಒಬ್ಬರ ಹೆಸರನ್ನೊಬ್ಬರು ಅರಿಯದೆ ಇರುವದುಂಟು. ಜ್ವರದಲ್ಲಿ ಮಲಗಿದವನಿಗೆ ಗಂಜಿ ಕೊಡುವವರಿಲ್ಲ. ಅವರು ಕಠಿಣ ಹೃದಯದವರೆಂದಲ್ಲ. ಬೆಳಿಗ್ಗೆ ಹೊರಟು, ವಾಹನಗಳ ಸಂದಣಿಯಲ್ಲಿ ತಾಸುಗಟ್ಟಲೆ ಕಳೆದು, ರಾತ್ರಿಯಲ್ಲಿ ತಿರುಗಿ ಬರುವವರು ಯಾರ ಹೊಗೆಯನ್ನು ನೋಡಾರು?

ಗುರುತು ಇದ್ದ ಮಾತ್ರಕ್ಕೆ ನೆರೆತನ ಹುಟ್ಟುವದೆಂದು ಹಳ್ಳಿಯವರು ಹಿಗ್ಗಬಾರದು. 2020ನೆಯ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ದೇಶವೆಲ್ಲಾ ಮುಚ್ಚಲ್ಪಟ್ಟ ದಿನಗಳಲ್ಲಿ ಅನೇಕರು ಬೆಂಗಳೂರನ್ನು ಬಿಟ್ಟು ತಮ್ಮ ಊರುಗಳಿಗೆ ಬಂದರು. ಹೆಸರು ಹಿಡಿದು ಕರೆಯಬಲ್ಲವರೇ ಆಗ ಅವರನ್ನು ಕಂಡು ಬಾಗಲು ಹಾಕಿಕೊಂಡದ್ದುಂಟು.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಬಿದ್ದಿದ್ದವನ ಹೆಸರಾಗಲಿ ಕುಲವಾಗಲಿ ಆ ಸಾಮ್ಯದಲ್ಲಿ ಇಲ್ಲವೇ ಇಲ್ಲ. ಯಾವ ಊರಿನವನೆಂದು ಸಮಾರ್ಯದವನು ವಿಚಾರಿಸಿದನೆಂತಲೂ ನಮ್ಮ ಕರ್ತನು ಹೇಳಲಿಲ್ಲ. ಗಾಯಗಳಿದ್ದವು, ಆತನಿಗೆ ಅಷ್ಟೇ ಸಾಕಾಯಿತು. ಚಿಕ್ಕ ಪಟ್ಟಣವು ಕೇಳಿ ತಿಳಿದು ಸಹಾಯ ಮಾಡುವದು, ದೊಡ್ಡದು ಕೇಳದೆ ದಾಟಿಹೋಗುವದು. ಈತನು ಕೇಳದೆಯೇ ನಿಂತನು.

ಮಕ್ಕಳು ಹಬ್ಬಕ್ಕೆ ಬಂದಾಗ ಸಂಬಳವೆಷ್ಟೆಂದು ಕೇಳುವ ತಂದೆತಾಯಿಗಳೇ, ಪಕ್ಕದ ಮನೆಯಲ್ಲಿ ಯಾರಿದ್ದಾರೆಂತಲೂ ಕೇಳಿರಿ. ಇತ್ತ ಯೌವನಸ್ಥರು ಹೊರಟುಹೋಗಿ ಮುದುಕರಿಬ್ಬರೇ ಉಳಿದ ಮನೆಗಳು ನಮ್ಮ ಸೀಮೆಯಲ್ಲಿ ಬಹಳ ಇವೆ. ಅವುಗಳ ಮುಂಜಾನೆಯ ಹೊಗೆಯನ್ನು ನೋಡುವದಕ್ಕೆ ಯಾರಿದ್ದಾರೆಂಬದನ್ನು ಬರುವ ಭಾನುವಾರ ಆರಾಧನೆಯ ತರುವಾಯ ಸಭೆಯ ಹಿರಿಯರು ಕೂತು ಗೊತ್ತು ಮಾಡಲಿ. ಮನೆಗಳನ್ನು ಎಣಿಸುವಾಗ ಸಭೆಗೆ ಸೇರದವರ ಮನೆಗಳನ್ನೂ ಎಣಿಸಬೇಕು.